ಕಬ್ಬಿಣವನ್ನು ಮೀರಿದ ಪುಡಿ

ಅವರಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ವರ್ಷಗಟ್ಟಲೆ ಅಮೋನಿಯಾ ಉಂಡ ಮೂಗು ಅದು. ಒಮ್ಮೆ ಸ್ಟಾಫ್ ರೂಮಿನಲ್ಲಿ ಖಾನಾವಳಿಯಿಂದ ಬಂದ ಡಬ್ಬಿ ಬಿಚ್ಚಿ, ಹಳಸಿದ ಬದನೆಕಾಯಿ ಪಲ್ಯವನ್ನು ರೊಟ್ಟಿಗೆ ಹಚ್ಚಿಕೊಂಡು ಆರಾಮಾಗಿ ತಿನ್ನುತ್ತ ಕೂತಿದ್ದರು. ಅಕ್ಕಪಕ್ಕದವರೆಲ್ಲ ಕುರ್ಚಿ ಸಮೇತ ಹಿಂದೆ ಸರಿದಿದ್ದರು. ಹೇಳುವ ಕೆಲಸ ನನ್ನ ಪಾಲಿಗೆ ಬಂತು. "ಸರ್, ಪಲ್ಯ ಕೆಟ್ಟದ" ಎಂದೆ. ಅವರು ಡಬ್ಬಿಯನ್ನು ಮೂಗಿನ ಹತ್ತಿರ ಒಯ್ದರು, ಅಭ್ಯಾಸಬಲದಿಂದ. ಆಮೇಲೆ ಕೆಳಗಿಟ್ಟು, "ಹೌದೇನ್ರಿ? ಜರಾ ಹುಳಿ ಹತ್ತಿತು. ಟೊಮೆಟೊ ಹಾಕ್ಯಾರ ಅಂದ್ಕೊಂಡಿದ್ದೆ" ಎಂದರು. ಉಳಿದ ರೊಟ್ಟಿಯನ್ನು ಶೇಂಗಾ ಚಟ್ನಿಪುಡಿಯ ಜೊತೆ ತಿಂದು ಮುಗಿಸಿದರು.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಆ ಬದನೆಕಾಯಿ ಪಲ್ಯ. ದೊಡ್ಡ ಮಾತೇನೂ ನೆನಪಾಗಲಿಲ್ಲ. ಅಳುವೂ ಬರಲಿಲ್ಲ. ಅಫಜಲಪುರದ ಬಾಡಿಗೆ ಮನೆಯಲ್ಲಿ, ಬೆಳಿಗ್ಗೆ ಸ್ನಾನಕ್ಕೆ ನೀರು ಕಾಯಿಸುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ಸುದ್ದಿ ತಂದ ಜವಾನನಿಗೆ "ಹೌದೇನು" ಎಂದು ಹೇಳಿ, ಕೈಯಲ್ಲಿದ್ದ ಉತ್ತರಪತ್ರಿಕೆಗೆ ಅಂಕ ಹಾಕಿ, ಮುಂದಿನದನ್ನು ಎಳೆದುಕೊಂಡೆ. ಮನಸ್ಸು ಮರಗಟ್ಟಿತ್ತು. ಇದನ್ನು ಬರೆಯುವಾಗಲೂ ಪೂರ್ತಿ ಬಿಟ್ಟಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ, ಆ ಹೆಸರಿಗೆ ಸೇರಬೇಕಾಗಿದ್ದ 'ಡಾಕ್ಟರ್' ಎಂಬುದು ಸೇರಿಲ್ಲ ಎಂದು ಎದ್ದು ಕಾಣುತ್ತದೆ. ಅವರ ಅವ್ವನಿಗೆ ಕಂಡದ್ದು ಸಾಕು.

ಎಂಬತ್ತರ ದಶಕದಲ್ಲಿ ಆಳಂದದ ಕಾಲೇಜಿನಲ್ಲಿ ಅವರು ಭೌತಶಾಸ್ತ್ರ ಕಲಿಸುತ್ತಿದ್ದರು, ನಾನು ರಸಾಯನಶಾಸ್ತ್ರ. ಎರಡು ಪ್ರಯೋಗಶಾಲೆಗಳ ನಡುವೆ ಒಂದು ಬಾಗಿಲು, ಅದಕ್ಕೆ ಚಿಲಕವಿರಲಿಲ್ಲ. ಹೀಗಾಗಿ ನನ್ನ ತಕ್ಕಡಿ ಅವರದೂ ಆಗಿತ್ತು, ಅವರ ದುರ್ವಾಸನೆ ನನ್ನದೂ ಆಗಿತ್ತು. ನಾನು ಮಹಾರಾಷ್ಟ್ರದ ಗಡಿಗೆ ಹತ್ತಿದ ಖಜೂರಿಯವಳು. ನನ್ನ ಮಾತಿನಲ್ಲಿ ಮರಾಠಿ ಇಣುಕಿದಾಗೆಲ್ಲ "ಮೇಡಮ್ಮೋರ, ನೀವು ಮಾತಾಡಿದ್ರ ಸೊಲ್ಲಾಪುರದ ಬಸ್ಸು ಬಂದಂಗ ಆಗ್ತದ ನೋಡ್ರಿ" ಎಂದು ಕಾಡುತ್ತಿದ್ದರು. ತಾವು ಜೇವರ್ಗಿ ತಾಲೂಕಿನ ಹಳ್ಳಿಯವರು, ಹೀಗಾಗಿ ತಮ್ಮದೇ ಅಪ್ಪಟ ಕನ್ನಡ ಎಂಬ ಹಮ್ಮು. ಆ ಅಪ್ಪಟ ಕನ್ನಡದಲ್ಲಿ ತಕಲೀಫು, ಜರೂರು, ಖರೇ ಎಲ್ಲ ಧಾರಾಳವಾಗಿ ಇದ್ದವು.

ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಸದಾ ಒಂದು ಅಯಸ್ಕಾಂತದ ತುಂಡು ಇರುತ್ತಿತ್ತು. ಕಂಡ ಲೋಹಕ್ಕೆಲ್ಲ ಅದನ್ನು ಮುಟ್ಟಿಸುವುದು, "ಹಿಡೀತದ" ಅಥವಾ "ಹಿಡ್ಯಾಂಗಿಲ್ಲ" ಎಂದು ತೀರ್ಪು ಕೊಡುವುದು. ಬಸ್ಸಿನ ಸರಳು, ಹೋಟೆಲಿನ ಚಮಚ, ಪ್ರಿನ್ಸಿಪಾಲರ ಟೇಬಲ್ಲಿನ ಗಂಟೆ, ಯಾವುದನ್ನೂ ಬಿಡುತ್ತಿರಲಿಲ್ಲ. ಕನ್ಯೆ ನೋಡಲು ಹೋದಲ್ಲಿಯೂ ಉಪ್ಪಿಟ್ಟಿನ ತಟ್ಟೆಗೆ ಅಯಸ್ಕಾಂತ ಹಚ್ಚಿ, "ಹಿಡ್ಯಾಂಗಿಲ್ಲ. ಛಲೋ ಸ್ಟೀಲ್ ಅದ" ಎಂದರಂತೆ. ತಟ್ಟೆಯ ಗುಣಮಟ್ಟ ಪರೀಕ್ಷಿಸುವ ಅಳಿಯ ಬೇಡ ಎಂದು ಆ ಮನೆಯವರು ಹೇಳಿ ಕಳಿಸಿದರು. ಇವರಿಗೆ ಅದರಿಂದ ಸಮಾಧಾನವೇ ಆಯಿತು. ಪಿಎಚ್.ಡಿ. ಮುಗಿಯಲಿ, ಆಮೇಲೆ ಲಗ್ನ ಎಂದು ಅವ್ವನಿಗೆ ಮಾತು ಕೊಟ್ಟು ಕೂತಿದ್ದರು.

ಆ ಪಿಎಚ್.ಡಿ.ಯ ವಿಷಯ ಕಬ್ಬಿಣದ ನೈಟ್ರೈಡ್. ನಯವಾದ ಕಬ್ಬಿಣದ ಪುಡಿಯನ್ನು ಕೊಳವೆಯಲ್ಲಿಟ್ಟು, ಭಟ್ಟಿಯಲ್ಲಿ ಕಾಯಿಸುತ್ತ, ಮೇಲೆ ಅಮೋನಿಯಾ ಹರಿಸಬೇಕು. ಅಮೋನಿಯಾ ಒಡೆದು ಅದರ ಸಾರಜನಕ ಕಬ್ಬಿಣದೊಳಗೆ ಇಳಿಯುತ್ತದೆ. ಎಷ್ಟು ಇಳಿಯಿತು ಎಂಬುದರ ಮೇಲೆ ಆ ಪುಡಿಯ ಗುಣ. ನನಗೆ ಅವರು ವಿವರಿಸಿದ್ದು ಹೀಗೆ: "ಜ್ವಾಳದ ಹಿಟ್ಟಿಗಿ ಎಸರು ಹಾಕ್ದಂಗ್ರಿ. ಕಡಿಮಿ ಆದ್ರ ಹಿಟ್ಟು ಕೂಡಂಗಿಲ್ಲ. ಜಾಸ್ತಿ ಆದ್ರ ರೊಟ್ಟಿ ಏಳಂಗಿಲ್ಲ. ಜಾಸ್ತಿ ಸಾರಜನಕ ಕುಡೀತಂದ್ರ ಈ ಕಬ್ಬಿಣ ಮ್ಯಾಗ್ನೆಟ್ ಹಿಡೂದನ ಬಿಡ್ತದ."

ಅದು ನಿಜ. ಎಷ್ಟೋ ಸಲ ಕೊಳವೆಯಿಂದ ತೆಗೆದ ಪುಡಿಗೆ ಅಯಸ್ಕಾಂತ ಹಿಡಿದರೆ ಅದು ಮಿಸುಕಾಡುತ್ತಿರಲಿಲ್ಲ. ಕಬ್ಬಿಣವೇ, ಆದರೆ ತನ್ನ ಸ್ವಭಾವ ಮರೆತ ಕಬ್ಬಿಣ. ಅಂಥ ದಿನ ಅವರು ಬಾಗಿಲಿನಿಂದ ತಲೆ ಹಾಕಿ "ಮೇಡಮ್ಮೋರ, ಇವತ್ತಿಂದು ಸತ್ತದ" ಎಂದು ವರದಿ ಒಪ್ಪಿಸಿ ಹೋಗುತ್ತಿದ್ದರು.

ಅವರು ಹುಡುಕುತ್ತಿದ್ದುದು ಮಾತ್ರ ಬೇರೆಯದೇ ಒಂದು ಬಗೆ. ಸಾರಜನಕ ತೀರ ಸ್ವಲ್ಪ ಸೇರಿ, ಸರಿಯಾದ ಜಾಗದಲ್ಲಿ ಕೂತರೆ, ಆ ನೈಟ್ರೈಡ್ ಶುದ್ಧ ಕಬ್ಬಿಣಕ್ಕಿಂತ ಹೆಚ್ಚು ಬಲವಾದ ಕಾಂತವಾಗುತ್ತದೆ ಎಂದು ಹೊರದೇಶದಲ್ಲಿ ಯಾರೋ ಹೇಳಿದ್ದರು. ಬೇರೆ ಯಾರೋ ಅಲ್ಲವೆಂದಿದ್ದರು. ಜಗಳ ತೀರಿರಲಿಲ್ಲ. ಅದನ್ನು ಮಾಡಲು ಕೆಂಪಗೆ ಕಾದ ಪುಡಿಯನ್ನು ತಟ್ಟನೆ ತಣಿಸಿ, ಆಮೇಲೆ ಮಂದ ಬಿಸಿಯಲ್ಲಿ ದಿನಗಟ್ಟಲೆ ಇಡಬೇಕು. ಅಮೋನಿಯಾ ಸಿಲಿಂಡರನ್ನೂ ತಣಿಸುವ ಮಂಜುಗಡ್ಡೆಯನ್ನೂ ಅವರು ಕಲಬುರ್ಗಿಯ ಒಂದೇ ಬರ್ಫದ ಕಾರ್ಖಾನೆಯಿಂದ ತರುತ್ತಿದ್ದರು. ಬರ್ಫದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಆಳಂದದ ಬಸ್ಸಿನಲ್ಲಿ ಕೂತರೆ ಇಳಿಯುವಾಗ ಪ್ಯಾಂಟು ತೊಯ್ದಿರುತ್ತಿತ್ತು. ಕಂಡಕ್ಟರ್ ಏನು ಅಂದುಕೊಂಡನೋ ಎಂಬ ಚಿಂತೆಯೂ ಅವರಿಗಿರಲಿಲ್ಲ.

ಪುಡಿಯ ಕಾಂತಬಲ ಅಳೆಯುವ ಯಂತ್ರ ನಮ್ಮ ಸೀಮೆಯಲ್ಲಿರಲಿಲ್ಲ. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿತ್ತು. ಆಳಂದದಲ್ಲಿ ಚೂರೇ ಚೂರು ಪುಡಿ ತೂಗಿ, ಪುಟ್ಟ ಗಾಜಿನ ಕೊಳವೆಗೆ ತುಂಬಿ ಮುಚ್ಚಿ, ರೈಲು ಹತ್ತಿ ಹೋಗಬೇಕು. ಯಂತ್ರ ಇಡೀ ಪುಡಿಯ ಬಲ ಹೇಳುತ್ತದೆ, ಅದನ್ನು ತೂಕದಿಂದ ಭಾಗಿಸಿಕೊಳ್ಳುವುದು ನಮ್ಮ ಕೆಲಸ. ಹೀಗಾಗಿ ತೂಕವೇ ಎಲ್ಲ. ಅವರು ತಮ್ಮ ಮಿಲಿಗ್ರಾಂ ತೂಕಗಳ ಪೆಟ್ಟಿಗೆಯನ್ನು ಬೇರೆಯೇ ಇಟ್ಟಿದ್ದರು. ವಿದ್ಯಾರ್ಥಿಗಳ ಕೈಗೆ ಕೊಡುತ್ತಿರಲಿಲ್ಲ. ಉಗುರಿನಷ್ಟು ಅಲ್ಯೂಮಿನಿಯಂ ತಗಡಿನ ತುಣುಕುಗಳು ಅವು. ಚಿಮಟಿಗೆಯಿಂದಲೇ ಎತ್ತಬೇಕು. ಬೆರಳು ಮುಟ್ಟಿದರೆ ಬೆವರಿನ ಭಾರ ಕೂಡುತ್ತದೆ ಎಂದು ನನಗೂ, ಒಮ್ಮೆ ಪ್ರಿನ್ಸಿಪಾಲರಿಗೂ ಗದರಿದ್ದರು. ತೂಗುವಾಗ ಉಸಿರು ಹಿಡಿದು, ಫ್ಯಾನು ನಿಲ್ಲಿಸಿ, ನಡುವಿನ ಬಾಗಿಲು ಹಾಕಿ, ಕಣ್ಣು ತಕ್ಕಡಿಯ ಮುಳ್ಳಿಗೆ ನೆಟ್ಟಿರುತ್ತಿದ್ದರು. ಅಷ್ಟು ಜಾಗರೂಕ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ, ಯಾಕೆಂದರೆ ಮುಂದೆ ಊರೆಲ್ಲ ಬೇರೆಯದೇ ಹೇಳಿತು.

ಒಂದು ವರ್ಷ ದಸರೆಗೆ ಅವರ ಅವ್ವ ಆಳಂದಕ್ಕೆ ಬಂದರು. ಮಗ ಯಾವುದರ ಸಲುವಾಗಿ ಲಗ್ನ ಮುಂದೂಡಿದ್ದಾನೋ ಅದನ್ನು ಕಣ್ಣಾರೆ ನೋಡಬೇಕು ಎಂದು ಹಟ ಮಾಡಿ ಬಂದಿದ್ದರು. ಖಂಡೇಪೂಜೆಯ ದಿನ. ಹೊಲದ ಮನೆಗಳಲ್ಲಿ ಕೂರಿಗೆ, ಕುಡಗೋಲು ತೊಳೆದು ಪೂಜೆ ಮಾಡಿದಂತೆ ನಮ್ಮ ಪ್ರಯೋಗಶಾಲೆಗಳಲ್ಲಿಯೂ ಯಂತ್ರಗಳಿಗೆ ಪೂಜೆ ನಡೆಯುತ್ತಿತ್ತು. ಬೇರೆ ವರ್ಷ ಜವಾನ ಒಂದು ಹೂ ಇಟ್ಟು ಕಾಯಿ ಒಡೆದು ಮುಗಿಸುತ್ತಿದ್ದ. ಆ ವರ್ಷ ಅವ್ವನೇ ನಿಂತರು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ, ಮೊಣಕೈ ತನಕ ಸೀರೆಯ ಸೆರಗು ಸುತ್ತಿಕೊಂಡ ಗಟ್ಟಿ ಹೆಂಗಸು.

"ಇದೇನು ಮಾಡ್ತದೋ ಯಪ್ಪಾ?" ಎಂದು ಒಂದೊಂದನ್ನೂ ಕೇಳಿದರು. ಮಗ ಒಂದೊಂದನ್ನೂ ಹೇಳಿದರು. ಭಟ್ಟಿ, ಸಿಲಿಂಡರ್, ಕೊಳವೆ, ತಕ್ಕಡಿ. ಅವ್ವ ತಂಬಿಗೆಯ ನೀರಿನಲ್ಲಿ ಮೂರು ಬೆರಳು ಅದ್ದಿ, ವಿಭೂತಿ ಗಟ್ಟಿಯ ಮೇಲೆ ತಿಕ್ಕಿ, ಎಲ್ಲದಕ್ಕೂ ಮೂರು ಎಳೆ ಎಳೆದರು. ಕಡೆಗೆ ಟೇಬಲ್ಲಿನ ಮೇಲೆ ತೆರೆದಿದ್ದ ತೂಕದ ಪೆಟ್ಟಿಗೆಗೆ ಬಂದರು. ಹಿತ್ತಾಳೆಯ ದೊಡ್ಡ ತೂಕಗಳಿಗೆ ಹಚ್ಚಿದರು. ಆಮೇಲೆ ತಗಡಿನ ತುಣುಕುಗಳತ್ತ ಕೈ ಚಾಚಿದರು.

"ಅವು ಇರ್ಲಿ ಅವ್ವಾ, ಭಾಳ ಸಣ್ಣಾವು" ಎಂದರು ಮಗ.

"ಸಣ್ಣಾವಂದ್ರ ದೇವರಿಗಿ ಬ್ಯಾಡೇನು? ನೀನೂ ಸಣ್ಣಾಂವನ ಇದ್ದಿ" ಎಂದು ಅವ್ವ ಒಂದೊಂದನ್ನೇ ಎಡಗೈಯ ಬೆರಳ ಮೇಲಿಟ್ಟುಕೊಂಡು ಬಲಗೈಯಿಂದ ಒದ್ದೆ ವಿಭೂತಿ ಸವರಿ, ಮತ್ತೆ ಅದರದರ ಗುಣಿಯಲ್ಲಿಟ್ಟರು. ಪ್ರಿನ್ಸಿಪಾಲರಿಗೆ ಗದರಿದ ಮನುಷ್ಯ ಅವತ್ತು ಸುಮ್ಮನೆ ಕೈಮುಗಿದು ನಿಂತಿದ್ದರು. ಮರುದಿನ ಬನ್ನಿ ಕೊಟ್ಟು "ಬಂಗಾರದಂಗ ಇರೂಣ್ರಿ" ಎಂದು ನನಗೆ ಹೇಳಿ, ಅವ್ವನನ್ನು ಕರೆದುಕೊಂಡು ಊರಿಗೆ ಹೋದರು.

ರಜೆ ಮುಗಿಸಿ ಬಂದು ಎಲ್ಲ ಒರೆಸಿದರು. ಹಿತ್ತಾಳೆಯ ಮೇಲೆ ವಿಭೂತಿ ಎದ್ದು ಕಾಣುತ್ತಿತ್ತು, ತೊಳೆದರು. ತಿಕ್ಕಿದರೆ ಸವೆದು ತೂಕ ಕಡಿಮೆಯಾದೀತೆಂದು ತಗಡುಗಳ ಮೇಲೆ ಮಾತ್ರ ರಬ್ಬರ್ ಬುರುಡೆಯಿಂದ ಗಾಳಿ ಊದಿದರು. ಬಿಳಿ ಲೋಹದ ಮೇಲೆ ಒಣಗಿದ ಬಿಳಿ ಬೂದಿ ಕಾಣಲಿಲ್ಲ. ಹೋಗಿದೆ ಎಂದುಕೊಂಡರು.

ಆ ಮುಂದಿನ ದಿನಗಳನ್ನು ನಾನು ಮರೆಯುವುದಿಲ್ಲ. ಹೊಸ ಪುಡಿ ತೂಗಿಕೊಂಡು ಹೈದರಾಬಾದಿಗೆ ಹೋದವರು ಮರಳಿ ಬಂದು, ಚಿಲಕವಿಲ್ಲದ ಬಾಗಿಲಲ್ಲಿ ನಿಂತು, ಅಯಸ್ಕಾಂತವನ್ನು ಕೈಯಿಂದ ಕೈಗೆ ಹಾಕುತ್ತಿದ್ದರು. "ಏನಾಯ್ತ್ರಿ?" ಎಂದೆ.

"ಕಬ್ಬಿಣಕಿಂತ ಜಾಸ್ತಿ ಬಂದದ್ರಿ" ಎಂದರು.

ಕಬ್ಬಿಣದ ಲೆಕ್ಕ ದಸರೆಗೆ ಮುಂಚೆಯೇ ತೂಗಿ ಅಳೆದಿಟ್ಟಿದ್ದರು. ಅದಕ್ಕಿಂತ ಈ ಪುಡಿ ಮೇಲೆ ನಿಂತಿತ್ತು. ಬಹಳ ಅಲ್ಲ, ಆದರೆ ಮೇಲೆ. ಅವತ್ತು ಸ್ಟಾಫಿಗೆಲ್ಲ ಪೇಢೆ ಬಂತು. ಅವರು ಹಾಡು ಗುನುಗುತ್ತಾರೆಂದು ನನಗೆ ಗೊತ್ತಾದದ್ದೇ ಆಗ, ಅದೂ ಶ್ರುತಿ ಬಿಟ್ಟು. ದೀಪಾವಳಿಗೆ ನಮ್ಮ ಮನೆಗೆ ಬಂದು ನನ್ನ ಯಜಮಾನರ ಮುಂದೆ ಬಾಯ್ತುಂಬ ನಕ್ಕು, ಚಕ್ಕುಲಿ ಮುರಿಯುತ್ತ, "ಇನ್ನ ನಮ್ಮವ್ವಗ ಕನ್ಯಾ ಹುಡುಕು ಅಂತೇನಿ" ಎಂದರು. ಕಲಬುರ್ಗಿಯಲ್ಲಿದ್ದ ಅವರ ಗೈಡ್, ಮೈಸೂರು ಕಡೆಯವರು, ಅವಸರದ ಮನುಷ್ಯ. ಅವರು ಆಗಲೇ ಒಂದು ಗೋಷ್ಠಿಯಲ್ಲಿ ಎದ್ದು ನಿಂತು ಈ ಸಂಗತಿ ಸಾರಿಬಿಟ್ಟಿದ್ದರು. ಪ್ರಬಂಧ ಟೈಪಾಗುತ್ತಿತ್ತು. ಅವ್ವ ಊರಲ್ಲಿ ಬಾವಿಕಟ್ಟೆಯ ಮೇಲೆ ಹೇಳಿಕೊಂಡು ತಿರುಗಿದರಂತೆ, ನನ್ನ ಮಗ ಕಬ್ಬಿಣಕ್ಕೇ ಬುದ್ಧಿ ಕಲಿಸ್ಯಾನ ಎಂದು.

ಬೇರೆಯವರಾದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಇವರು ಇನ್ನೊಂದು ಸಲ ನೋಡಿಬಿಡೋಣ ಎಂದು ಹೊಸದಾಗಿ ಪುಡಿ ತೂಗಿದರು. ಸಾಕ್ಷಿಗಿರಲಿ ಎಂದು ಬರೀ ಕಬ್ಬಿಣವನ್ನೂ ಅದೇ ಪೆಟ್ಟಿಗೆಯಿಂದ ತೂಗಿಕೊಂಡು ಹೋದರು.

ಎಳ್ಳಮಾಸಿ ಹಬ್ಬದ ಮರುದಿನ ಅವರು ಹೈದರಾಬಾದಿನಿಂದ ಬಂದದ್ದು. ನಾನು ಹಬ್ಬಕ್ಕೆ ಮಾಡಿ ಉಳಿದ ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೋಗಿದ್ದೆ. ಡಬ್ಬಿಯತ್ತ ನೋಡಲಿಲ್ಲ. "ಮೇಡಮ್ಮೋರ, ನಿಮ್ಮ ತೂಕದ ಪೆಟ್ಟಿಗಿ ಜರಾ ತರ್ರಿ" ಎಂದರು. ದನಿ ಸಪ್ಪಗಿತ್ತು.

"ಯಾಕ್ರಿ?"

"ಕಬ್ಬಿಣನ ಕಬ್ಬಿಣಕಿಂತ ಜಾಸ್ತಿ ಬಂದದ."

ಅರ್ಥವಾಗಲು ನನಗೆ ಒಂದು ಗಳಿಗೆ ಹಿಡಿಯಿತು. ಏನೂ ಬೆರೆಸದ ಬರೀ ಕಬ್ಬಿಣ ತನ್ನನ್ನೇ ಮೀರುವುದು ಸಾಧ್ಯವಿಲ್ಲ. ಪುಡಿಯೂ ಮೀರಿದೆ, ಕಬ್ಬಿಣವೂ ಅಷ್ಟೇ ಮೀರಿದೆ ಎಂದರೆ ತಪ್ಪು ಪುಡಿಯಲ್ಲಿಲ್ಲ, ತೂಕದಲ್ಲಿದೆ. ನನ್ನ ಪೆಟ್ಟಿಗೆ ತಂದುಕೊಟ್ಟೆ. ಅವರು ಫ್ಯಾನು ನಿಲ್ಲಿಸಿ, ಬಾಗಿಲು ಹಾಕಿ, ತಮ್ಮ ತೂಕಗಳನ್ನು ನನ್ನ ತೂಕಗಳಿಂದ ತೂಗಿದರು. ಅವರ ಐವತ್ತು ಮಿಲಿಗ್ರಾಮಿನ ತಗಡು ಐವತ್ನಾಲ್ಕು ತೂಗಿತು. ಅದನ್ನು ಚಿಮಟಿಗೆಯಲ್ಲಿ ಹಿಡಿದು ಕಿಟಕಿಯ ಬಿಸಿಲಿಗೆ ಓರೆ ಮಾಡಿದರು. ಆಗ ಕಂಡಿತು. ತೆಳ್ಳಗೆ, ಬಿಳಿ, ಬೆರಳಿನ ಗೆರೆಗಳ ಸಮೇತ ಒಣಗಿ ಕೂತ ವಿಭೂತಿ. ಅಷ್ಟು ಭಾರ ಹೆಚ್ಚಿನ ತಗಡಿನಿಂದ ತೂಗಿ ಐವತ್ತು ಎಂದು ಬರೆದುಕೊಂಡಾಗ, ನಿಜವಾಗಿ ತಟ್ಟೆಯಲ್ಲಿ ಅಷ್ಟು ಹೆಚ್ಚು ಪುಡಿ ಇತ್ತು. ಬಲವೂ ಅಷ್ಟು ಹೆಚ್ಚು ಕಂಡಿತ್ತು.

ನಾನು ಬಟ್ಟೆಯ ಚೂರು ತಂದೆ. "ಒರಸಬ್ಯಾಡ್ರಿ" ಎಂದರು. "ಅವ್ವನ ಕೈ ಅದು." ತಗಡನ್ನು ಅದರ ಗುಣಿಯಲ್ಲಿಟ್ಟು, ಪೆಟ್ಟಿಗೆ ಮುಚ್ಚಿ, ಕಪಾಟಿನ ಹಿಂದಕ್ಕೆ ಸರಿಸಿದರು. ನನ್ನ ಭಜ್ಜಿಯನ್ನು ಪೂರ್ತಿ ತಿಂದರು. ರುಚಿ ಗೊತ್ತಾಯಿತೋ ಇಲ್ಲವೋ ಕೇಳಲಿಲ್ಲ.

ಆ ಶನಿವಾರ ಗೈಡ್ ಹತ್ತಿರ ಹೋಗುವಾಗ "ನೀವೂ ಬರ್ರಿ, ಒಬ್ಬಾಂವನ ಹೋಗಾಕ ಕಾಲು ಏಳವಲ್ವು" ಎಂದರು. ಹೋದೆ. ಕಲಬುರ್ಗಿಯಲ್ಲಿ ಇಳಿದ ಮೇಲೆ ಒಂದೇ ಮಾತು: "ಅವ್ವನ ಸುದ್ದಿ ತಗೀಬ್ಯಾಡ್ರಿ."

"ಹೇಳಿದ್ರ ನಿಮ್ಮ ತಪ್ಪಲ್ಲ ಅಂತ ತಿಳೀತದಲ್ರಿ" ಎಂದೆ.

"ತಿಳೀತದ. ನಗ್ತಾರ. ಇಲ್ಲಿಂದ ಹೈದರಾಬಾದ್ ತನಕ ನಗ್ತಾರ. ಮುದುಕಿ ವಿಭೂತಿ ಹಚ್ಚಿ ಕಬ್ಬಿಣ ಗಟ್ಟಿ ಮಾಡಿದ್ಳಂತ ಅಂತ, ಹೋದಲ್ಲೆಲ್ಲ ಚಾ ಕುಡಕೋತ ಹೇಳ್ತಾರ. ಅಕಿ ಕಿವಿಗಿ ಬಿದ್ರ?" ಯಾರ ಮುಂದೆಯೂ ತೆಗೆಯುವುದಿಲ್ಲ ಎಂದು ಮಾತು ಕೊಟ್ಟೆ.

ಗೈಡ್ ಮೊದಲು ನಂಬಲಿಲ್ಲ. ನಂಬಿದ ಮೇಲೆ ಅವರ ಮುಖ ಕಪ್ಪಿಟ್ಟಿತು. "ರೀ, ಪುಡಿ ಅಳೆದಿದ್ದು ಸರಿ. ಕಬ್ಬಿಣ ಮತ್ತೆ ತೂಗಿ ಅಂತ ನಿಮಗೆ ಯಾರ್ರೀ ಹೇಳಿದ್ದು?" ಎಂದರು. ಆ ಪ್ರಶ್ನೆಗೆ ನನಗೆ ನಗು ಬರಬೇಕಾಗಿತ್ತು. ಬರಲಿಲ್ಲ.

"ತೂಕ ಹೇಗೆ ತಪ್ಪಾಯ್ತು?"

"ಸ್ವಚ್ಛ ಇಟ್ಟಿದ್ದಿಲ್ರಿ."

"ಸ್ವಚ್ಛ ಇಟ್ಟಿರಲಿಲ್ವಾ? ಡಿಗ್ರಿ ಹುಡುಗರಿಗೆ ಮೊದಲನೇ ದಿನ ಹೇಳಿಕೊಡೋದಲ್ವೇನ್ರೀ ಅದು?"

"ಹೌದ್ರಿ. ನನ್ನ ನಿಷ್ಕಾಳಜಿ."

ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ನೆಲ ನೋಡುತ್ತಿದ್ದರು. ಹೊರಗೆ ಬಂದ ಮೇಲೆ ನಲ್ಲಿಯ ಹತ್ತಿರ ಮುಖ ತೊಳೆದುಕೊಂಡು, "ನಡೀರಿ, ಬಸ್ಸು ಸಿಗಂಗಿಲ್ಲ" ಎಂದರು.

ಟೈಪಿಗೆ ಕೊಟ್ಟಿದ್ದ ಪ್ರಬಂಧ ವಾಪಸಾಯಿತು. ಗೋಷ್ಠಿಯಲ್ಲಿ ಸಾರಿದ್ದನ್ನು ಗೈಡ್ ನುಂಗಬೇಕಾಯಿತು, ನುಂಗಿದ್ದು ಅವರಿಗೆ ಅರಗಲಿಲ್ಲ. ಆಮೇಲೆ ಇವರು ಹೋದಾಗೆಲ್ಲ "ಮುಂದಿನ ವಾರ ನೋಡೋಣ" ಎಂದರು. ಹೈದರಾಬಾದಿನವರೂ ಯಂತ್ರದ ಮೇಲೆ ಸರದಿ ಕೊಡುವುದು ನಿಲ್ಲಿಸಿದರು. ತೂಕವನ್ನೇ ಸರಿಯಾಗಿ ತೂಗದವರು ಎಂಬ ಮಾತು ಆಳಂದದ ಸ್ಟಾಫ್ ರೂಮಿಗೂ ಬಂತು. ಬದನೆಕಾಯಿ ಪಲ್ಯದ ಕಾಲದ ಗೆಳೆಯರೇ, ಚಹಾಕ್ಕೆ ಸಕ್ಕರೆ ಹಾಕುವಾಗ, "ಸರ್, ನೀವು ತೂಗಬ್ಯಾಡ್ರಿ, ನಾವ ಹಾಕ್ಕೋತೇವಿ" ಎಂದು ಚಾಷ್ಟಿ ಮಾಡುತ್ತಿದ್ದರು. ಅವರೂ ಕೂಡಿ ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಬಾಯಿ ಬಿಡುವ ಹಾಗಿರಲಿಲ್ಲ. ಮಾತು ಕೊಟ್ಟಿದ್ದೆ.

"ಉಳಿದದ್ದರ ಬರೀರಿ. ಕಬ್ಬಿಣಕಿಂತ ಕಡಿಮಿ ಬಂದಿದ್ದೂ ಕೆಲಸನ ಅಲ್ಲೇನ್ರಿ?" ಎಂದೆ ಒಂದು ದಿನ. ನಾಲ್ಕು ಪಾಲು ಕಬ್ಬಿಣಕ್ಕೆ ಒಂದು ಪಾಲು ಸಾರಜನಕ ಕೂಡಿದ ನೈಟ್ರೈಡ್ ಅವರ ಕೈಯಲ್ಲಿ ಚೆನ್ನಾಗಿ ಕುದುರಿತ್ತು. ಎಷ್ಟು ಬಿಸಿಗೆ ಅದು ಕಾಂತತ್ವ ಕಳೆದುಕೊಳ್ಳುತ್ತದೆ, ಗಾಳಿಗಿಟ್ಟರೆ ತುಕ್ಕು ಹಿಡಿಯುತ್ತದೋ ಇಲ್ಲವೋ ಎಲ್ಲ ನೋಡಿಟ್ಟಿದ್ದರು. ಅಷ್ಟರಿಂದಲೇ ಪದವಿ ಬರುತ್ತಿತ್ತು ಎಂದು ನಾನು ಈಗಲೂ ನಂಬುತ್ತೇನೆ. "ಬರೀತೇನ್ರಿ" ಎಂದರು. ಬರೆಯಲಿಲ್ಲ. ಭಟ್ಟಿ ಕಾಯುವುದು ನಿಂತಿತು. ನನ್ನ ಪ್ರಯೋಗಶಾಲೆಗೆ ಶುದ್ಧ ಗಾಳಿ ಬರತೊಡಗಿತು, ಅದು ನನಗೆ ಹಿಡಿಸಲಿಲ್ಲ. ನೋಂದಣಿಯ ಅವಧಿ ಮುಗಿಯಿತು. ಯಾರೂ ಕೇಳಲಿಲ್ಲ.

ಅವ್ವ ಮಾತ್ರ ಕೇಳುತ್ತಿದ್ದರು. ಪ್ರತಿ ದಸರೆಗೆ ಹೇಳಿ ಕಳಿಸುತ್ತಿದ್ದರು, ಬಂದು ಮತ್ತೆ ವಿಭೂತಿ ಹಚ್ಚಿ ಹೋಗಲೇನು ಎಂದು. "ರಿಪೇರಿ ನಡದದ, ಮುಂದಿನ ವರ್ಷ ಬಾ ಅವ್ವಾ" ಎಂದು ಮಗ ತಳ್ಳುತ್ತ ಬಂದರು. ಡಾಕ್ಟರ್ ಯಾವಾಗ ಆಗ್ತಿ ಎಂದರೆ "ಕಾಗದ ಬರಬೇಕವ್ವಾ" ಎಂದರು. ಕಾಗದ ಬರುವ ತನಕ ಲಗ್ನವಿಲ್ಲ. ಹೀಗೆ ತಲೆ ನರೆಯಿತು.

ತೊಂಬತ್ತರ ಹೊತ್ತಿಗೆ ಅವರಿಗೆ ಅಫಜಲಪುರಕ್ಕೆ ವರ್ಗವಾಯಿತು. ಹೋಗುವ ದಿನ ಸಾಮಾನು ಕಟ್ಟುವಾಗ ತೂಕದ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ಒಯ್ದರು. ಅದು ಅವರ ಸ್ವಂತದ್ದು. ಆಮೇಲೆ ಒಮ್ಮೆ ಮಾತ್ರ ಭೇಟಿಯಾಯಿತು, ಅಲ್ಲಿಗೆ ಪರೀಕ್ಷೆಯ ಕೆಲಸಕ್ಕೆ ಹೋದಾಗ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟರು. ಕೈ ಕಿಸೆಗೆ ಹೋಗುತ್ತದೆ ಎಂದು ಕಾದೆ. ಹೋಗಲಿಲ್ಲ.

"ಮ್ಯಾಗ್ನೆಟ್ ಎಲ್ರಿ ಸರ್?"

"ಕಿಸೆ ಹರದಿತ್ರಿ. ಎಲ್ಲೋ ಬಿತ್ತು."

"ಇನ್ನೊಂದು ಇಟ್ಕೋಬಾರದೇನು?"

ಅವರು ಲೋಟವನ್ನು ತಿರುಗಿಸಿ ನೋಡಿದರು. "ಹಿಡೀತದೋ ಇಲ್ಲೋ ತಿಳಕೊಂಡು ಏನ್ ಮಾಡೂದೈತ್ರಿ" ಎಂದರು. ಮಕ್ಕಳು ಹೇಗಿದ್ದಾರೆ, ಯಜಮಾನರ ಸಕ್ಕರೆ ಕಾಯಿಲೆ ಹೇಗಿದೆ ಎಂದು ಕೇಳಿದರು. ಹುಡುಗರಿಗೆ ಚೆನ್ನಾಗಿ ಕಲಿಸುತ್ತಾರೆಂದು ಅಲ್ಲಿನವರು ಹೇಳಿದರು. ಕಲಿಸುತ್ತಿದ್ದರು, ಅನುಮಾನವಿಲ್ಲ. ನನ್ನ ಬಸ್ಸು ಬಂದಾಗ ಕಿಟಕಿಯ ತನಕ ಬಂದು ಚೀಲ ಎತ್ತಿಕೊಟ್ಟರು.

ಸುದ್ದಿ ಬಂದ ದಿನ ಮಧ್ಯಾಹ್ನ, ಉತ್ತರಪತ್ರಿಕೆಗಳನ್ನು ಮುಗಿಸಿಯೇ, ನಾನು ಕಲಬುರ್ಗಿಯಲ್ಲಿ ಬಸ್ಸು ಬದಲಿಸಿ ಭೀಮೆ ದಾಟಿ ಅವರ ಊರು ಮುಟ್ಟಿದೆ. ತಮ್ಮನ ಮಕ್ಕಳು, ಸೊಸೆಯರು ತುಂಬಿದ ಮನೆ. ಅಫಜಲಪುರದಿಂದ ತಂದ ಅವರನ್ನು ನಮ್ಮಲ್ಲಿ ಮಾಡುವಂತೆ ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಕೊರಳಲ್ಲಿ ಹೂವಿನ ಹಾರ, ಹಣೆಗೆ ವಿಭೂತಿ. ಎದುರಿಗೆ ಭಜನೆಯವರು. ಗಂಧದ ಕಡ್ಡಿಗಳ ಹೊಗೆ ಕಣ್ಣು ಉರಿಯುವಷ್ಟು ತುಂಬಿತ್ತು. ಅವರ ಮೂಗಿಗೆ ಇದೂ ಗೊತ್ತಾಗುತ್ತಿರಲಿಲ್ಲ ಎಂದು ನನಗೆ ಅನಿಸಿತು. ಅಷ್ಟೇ ಅನಿಸಿದ್ದು.

ಅವ್ವ ಪಕ್ಕದಲ್ಲಿ ಕೂತಿದ್ದರು. ಬಾಗಿ ಹಣ್ಣಾಗಿದ್ದರು, ಆದರೆ ಗುರುತು ಹಿಡಿದರು. "ಆಳಂದದಾಕಿ ಅಲ್ಲೇನು? ಬಾ ಯವ್ವಾ" ಎಂದು ಕೈ ಹಿಡಿದು ಕೂಡಿಸಿಕೊಂಡರು. ಆಮೇಲೆ ಭಜನೆಯ ಗದ್ದಲದ ನಡುವೆ ನನ್ನ ಕಿವಿಯ ಹತ್ತಿರ ಬಾಗಿದರು.

"ಯವ್ವಾ, ಒಂದು ಕೇಳ್ತೇನಿ, ಖರೇ ಹೇಳು. ಅವತ್ತ ಖಂಡೇಪೂಜಿಗಿ ನಾ ಬಂದು ಎಲ್ಲಾಕೂ ವಿಭೂತಿ ಹಚ್ಚಿದ್ನಲ್ಲ. ಯಾವುದಕರ ಹಚ್ಚೂದು ಬಿಟ್ಟಿದ್ನೇನು? ಒಂದು ಬಿಟ್ಟೇನಿ ಅಂತ ನನಗ ಅನಸ್ತದ. ಅದಕ ಅವನ ಕಾಗದ ಬರಲಿಲ್ಲ."

ಇಷ್ಟು ವರ್ಷ ಈ ಮುದುಕಿ ಅದ್ಯಾವುದೋ ಹಚ್ಚದ ಒಂದನ್ನು ಮನಸ್ಸಿನಲ್ಲೇ ಹುಡುಕುತ್ತ ಕೂತಿದ್ದಳು. ಮಗ ಇಷ್ಟು ವರ್ಷ ಅವಳು ಹಚ್ಚಿದ್ದನ್ನು ಮುಚ್ಚಿಟ್ಟುಕೊಂಡು ಕೂತಿದ್ದ. ನನಗೆ ಆಗ ಅಳು ಬಂತು. ಬೆಳಗಿನಿಂದ ಬಾರದ್ದು ಅಲ್ಲಿ ಬಂತು.

"ಒಂದೂ ಬಿಟ್ಟಿದ್ದಿಲ್ಲವ್ವಾ" ಎಂದೆ. "ಎಲ್ಲಾಕಿಂತ ಸಣ್ಣದಕ್ಕೂ ಹಚ್ಚಿದ್ರಿ. ನಾ ನೋಡೇನಿ."

"ಮತ್ಯಾಕ ಫಲಾ ಕೊಡಲಿಲ್ಲ?"

"ಕೊಟ್ಟಿತ್ತವ್ವಾ. ಆ ವರ್ಷ ದೀಪಾವಳಿಗಿ ನಮ್ಮ ಮನಿಗಿ ಬಂದು ಭಾಳ ನಕ್ಕಿದ್ರು. ಅಷ್ಟು ಖುಷೀಲೆ ಇದ್ದದ್ದು ನಾ ಮತ್ತ ಎಂದೂ ನೋಡಿಲ್ಲ."

"ಖರೇ?"

"ಖರೇ ಅವ್ವಾ."

ಅವರು ತಲೆ ಆಡಿಸಿದರು. ಪಕ್ಕದ ತಂಬಿಗೆಯಲ್ಲಿ ಮೂರು ಬೆರಳು ಅದ್ದಿ, ವಿಭೂತಿ ಗಟ್ಟಿಯ ಮೇಲೆ ತಿಕ್ಕಿ, ಆಗಲೇ ಹಚ್ಚಿದ್ದ ಮಗನ ಹಣೆಯ ಮೇಲೆ ಇನ್ನೊಮ್ಮೆ ಎಳೆದರು. ಎಳೆಗಳು ನೆಟ್ಟಗೆ ಬಂದವು. ಅದು ಒಣಗುವ ತನಕ ನಾನು ನೋಡುತ್ತ ಕೂತೆ. ಆ ಕಪ್ಪು ಹಣೆಯ ಮೇಲೆ, ಒಣಗಿದ ಮೇಲೂ, ಅದು ಸ್ವಚ್ಛವಾಗಿ ಕಾಣುತ್ತಿತ್ತು.